ಇಪ್ಪತ್ನಾಲ್ಕು ತುಂಡಿನ ಚೆಂಡು

ಗಣಿತದಲ್ಲಿ ನಾನು ತಪ್ಪುವುದಿಲ್ಲ ಎಂಬ ನಂಬಿಕೆ ಮೂವತ್ತೆರಡನೆಯ ವಯಸ್ಸಿನವರೆಗೂ ನನಗಿತ್ತು. ಎಪ್ಪತ್ತರ ದಶಕದ ಕೊನೆ. ಮಧುಗಿರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಬೆಂಗಳೂರಿನ ಪ್ರೊಫೆಸರೊಬ್ಬರ ಕೈಕೆಳಗೆ ಸಂಶೋಧನೆ ಮಾಡಬೇಕೆಂದು ಬಹಳ ಆಸೆ. ಏನಾದರೂ ಹೊಸದು ತಂದು ತೋರಿಸಿ, ಆಮೇಲೆ ಸೇರಿಸಿಕೊಳ್ಳುವ ವಿಚಾರ ಎಂದಿದ್ದರು ಅವರು.

ಹೊಸದು ಸಿಕ್ಕಿದ್ದು ಪರೀಕ್ಷೆಯ ಮೇಲ್ವಿಚಾರಣೆಯಲ್ಲಿ. ನಾನು, ಫಿಸಿಕ್ಸಿನವರು, ಕನ್ನಡದವರು, ಹೀಗೆ ಮೂವರು. ಕೇಂದ್ರಗಳು ನಾಲ್ಕು: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಒಬ್ಬೊಬ್ಬರಿಗೆ ಒಂದೊಂದು ಊರು; ಮಿಕ್ಕಿದ್ದು ಬೇರೆ ಕಾಲೇಜಿನವರಿಗೆ. ಹಂಚುವುದಕ್ಕೆ ಇಪ್ಪತ್ನಾಲ್ಕು ರೀತಿ. ಉಳಿದಿಬ್ಬರು ದೂರದ ಪಾವಗಡ ತಪ್ಪಿಸಿಕೊಳ್ಳುವುದು ಹೇಗೆಂದು ಯೋಚಿಸುತ್ತಿದ್ದರೆ, ನನಗೆ ಬೇರೆಯೇ ಕುತೂಹಲ ಹತ್ತಿತು. ಒಂದೊಂದು ಹಂಚಿಕೆಯನ್ನೂ ಒಂದು ತ್ರಿಕೋನ ಎಂದುಕೊಂಡರೆ? ಮೂರು ಮೂಲೆಗಳಲ್ಲಿ ಯಾರು ಯಾವ ಊರಿಗೆ ಎಂದು ಬರೆಯುವುದು. ಇಬ್ಬರ ಊರು ಹಾಗೇ ಇದ್ದು ಒಬ್ಬನದು ಮಾತ್ರ ಬದಲಾದರೆ, ಆ ಎರಡು ತ್ರಿಕೋನಗಳನ್ನು ಅಂಚಿಗೆ ಅಂಚು ಸೇರಿಸುವುದು. ಗಣಿತದ ಮಾತಿನಲ್ಲಿ ಹೇಳುವುದಾದರೆ, ನಾಲ್ಕು ವಸ್ತುಗಳ ಅದಲುಬದಲಿನ ಗುಂಪು, ಅದರ ಉಪಗುಂಪುಗಳು, ಅವುಗಳಿಂದ ಹುಟ್ಟುವ ಆಕಾರ. ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದ ವಿಷಯ ನಮ್ಮ ಸ್ಟಾಫ್ ರೂಮಿಗೇ ನಡೆದು ಬಂದಿತ್ತು!

ಲೆಕ್ಕ ಹಾಕಿದೆ. ಪ್ರತಿ ಅಂಚಿಗೂ ಸರಿಯಾಗಿ ಎರಡೇ ತ್ರಿಕೋನ. ತೆರೆದ ಅಂಚು ಎಲ್ಲಿಯೂ ಇಲ್ಲ. ಬಾಯಿಯೇ ಇಲ್ಲದ ಚೀಲ ಚೆಂಡಲ್ಲದೆ ಇನ್ನೇನಾದೀತು? "ಸದರಿ ಆಕಾರವು ಚೆಂಡೇ ಎಂಬುದು ನಿಸ್ಸಂಶಯವಾಗಿ ರುಜುವಾತಾಗಿರುತ್ತದೆ. ಮಾದರಿಯೊಂದಿಗೆ ಬರುವ ಸೋಮವಾರ ಖುದ್ದು ಹಾಜರಾಗುತ್ತೇನೆ" ಎಂದು ಪ್ರೊಫೆಸರಿಗೆ ಕಾಗದ ಹಾಕಿಬಿಟ್ಟೆ. ಚೆಂಡು ಮಾಡಿ ನೋಡುವುದು ಮಾತ್ರ ಬಾಕಿ ಇತ್ತು.

ಅದು ನನ್ನ ಹೆಂಡತಿ ಸರೋಜಳ ಪಾಲಿಗೆ ಬಂತು. ಬೀದಿಯವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದ ಅವಳ ಬಳಿ ತುಂಡು ಬಟ್ಟೆಗೆ ಬರವಿರಲಿಲ್ಲ. ಒಂದೇ ಅಳತೆಯ ಇಪ್ಪತ್ನಾಲ್ಕು ತ್ರಿಕೋನ ಕತ್ತರಿಸಿದಳು. ಮೂಲೆಗಳಲ್ಲಿ ನಾನು ಸೀಮೆಸುಣ್ಣದಿಂದ ಹೆಸರು, ಊರು ಬರೆದುಕೊಟ್ಟೆ. ಅರ್ಧ ಹೊಲಿದು ಮಿಷನ್ ನಿಲ್ಲಿಸಿದಳು.

"ರೀ, ಇದು ರವಿಕೆ ತೋಳಾಗ್ತಾ ಇದೆ. ಚೆಂಡಾಗೋ ಲಕ್ಷಣ ಇಲ್ಲ."

ಹೊಲಿಗೆ ತಪ್ಪಿರಬೇಕು ಎಂದೆ. ಬಿಚ್ಚಿದಳು, ಮತ್ತೆ ಹೊಲಿದಳು. ಮತ್ತೆ ತೋಳು! ಅದನ್ನೂ ಬಿಚ್ಚಿಸಿದೆ. ಮೂರನೆಯ ಸಲ ಅವಳು ಒಂದು ಮೂಲೆಗೆ ಸೇರುವ ತುಂಡುಗಳನ್ನು ನೆಲದ ಮೇಲೆ ಹರಡಿ ತೋರಿಸಿದಳು.

"ಒಂದು ಮೂಲೆಗೆ ಐದು ತುಂಡು ಸೇರಿದ್ರೆ ಬಟ್ಟೆ ಉಬ್ಬುತ್ತೆ. ನಿಮ್ಮ ಲೆಕ್ಕದಲ್ಲಿ ಎಲ್ಲಾ ಮೂಲೆಗೂ ಆರಾರು. ಆರಾದ್ರೆ ಚಪ್ಪಟೆ ಮಲಗುತ್ತೆ. ಚೆಂಡು ಹೆಂಗಾಗುತ್ತೆ?"

ಹೊಲಿಗೆ ಬೇರೆ, ಗಣಿತ ಬೇರೆ ಎಂದು ಗಂಭೀರವಾಗಿ ತಿಳಿಸಿದೆ. ಅವಳು ನನ್ನ ಬರಹದ ಪ್ರಕಾರವೇ ಮತ್ತೆ ತೋಳು ಹೊಲಿದು, ಹತ್ತಿ ತುಂಬಿ, ಅದರ ಎರಡು ತುದಿಗಳನ್ನೂ ಒಂದಕ್ಕೊಂದು ಸೇರಿಸಿ ಹೊಲಿದು, ನನ್ನ ಮುಂದಿಟ್ಟು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಾಗ, ಮಿಡಿಗೇಶಿಯಿಂದ ಮೊದಲ ಬಸ್ಸಿಗೆ ಬಂದು ಮೊಸರು ಮಾರುವ ರಂಗಮ್ಮ ಜಗಲಿಯ ಮೇಲೆ ಮಡಕೆ ಇಳಿಸಿದಳು. ನನ್ನ ಕೈಯಲ್ಲಿದ್ದುದನ್ನು ತೆಗೆದುಕೊಂಡು ತಲೆಗಿಟ್ಟು, ಅದರ ಮೇಲೆ ಮಡಕೆ ಕೂರಿಸಿ, ಅಂಗಳದಲ್ಲಿ ಒಂದು ಸುತ್ತು ಬಂದಳು. ಮಡಕೆ ಅಲ್ಲಾಡಲಿಲ್ಲ.

"ಅಮ್ಮಾವ್ರು ಸಿಂಬೆ ಭಾಳ ಚೆಂದಾಗ್ ಹೊಲ್ದವ್ರೆ ಮೇಷ್ಟ್ರೆ. ನಂಗೂ ಇಂಥದ್ದೊಂದು ಹೊಲ್ಸಿಕೊಟ್ಬುಡಿ."

ಸಿಂಬೆ! ಬಾಯಿಲ್ಲ, ಆದರೆ ನಟ್ಟನಡುವೆ ತೂತಿದೆ. ಬಾಯಿ ಬೇರೆ, ತೂತು ಬೇರೆ ಎಂಬುದು ಎಂ.ಎಸ್ಸಿ. ಮಾಡಿದ ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಕಾಗದ ಆಗಲೇ ಬೆಂಗಳೂರು ಸೇರಿದೆ ಎಂದು ನೆನಪಾಗಿ ಹೆದರಿಕೆಯೂ ಆಯಿತು. ಆದರೂ ತೂತಿನಲ್ಲಿ ಬೆರಳು ಹಾಕಿ ಹಾಕಿ ನೋಡಿದೆ. ಮೂವರು ಮೇಷ್ಟ್ರು, ನಾಲ್ಕು ಊರು; ಇವುಗಳ ನಡುವೆ ಈ ತೂತು ಎಲ್ಲಿ ಅಡಗಿತ್ತು? ಹೊಲಿಸಿಕೊಡುತ್ತೇನೆ ಎಂದು ರಂಗಮ್ಮನಿಗೆ ಹೇಳಿ ಕಳಿಸಿದೆ.

ಸೋಮವಾರ ಪ್ರೊಫೆಸರು ಸಿಂಬೆಯನ್ನು ಎತ್ತಿ ಹಿಡಿದು ತೂತಿನೊಳಗಿಂದ ನನ್ನನ್ನೇ ನೋಡಿದರು. ಚೆಂಡು ಅಂತ ಬರೆದಿದ್ದಿರಲ್ಲ ಎಂದರು. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಸಬೂಬುಗಳೆಲ್ಲ ಮರೆತುಹೋದವು. ತೋಳು, ಆರು ತುಂಡು, ರಂಗಮ್ಮನ ಮಡಕೆ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಅವರು ಬಹಳ ಹೊತ್ತು ನಕ್ಕರು. ಸೇರಿಸಿಕೊಳ್ಳುತ್ತೇನೆ, ಆದರೆ ಒಂದು ಷರತ್ತು ಎಂದರು.

"ಮುಂದೆ ಏನು ಬರೆದರೂ ಮೊದಲು ನಿಮ್ಮ ಮನೆಯವರಿಗೆ ತೋರಿಸಿ."

ಸಿಂಬೆ ಅವರ ಮೇಜಿನ ಮೇಲೆಯೇ ಉಳಿಯಿತು. ರಂಗಮ್ಮನಿಗೆ ಕೊಟ್ಟ ಮಾತು ನನ್ನ ತಲೆಯ ಮೇಲೆ ಉಳಿಯಿತು. ನಾಲ್ಕನೆಯ ಸಲ ಹೊಲಿಯಲು ಸರೋಜ ಒಪ್ಪಲಿಲ್ಲ. ಇಪ್ಪತ್ನಾಲ್ಕು ತುಂಡು ಕತ್ತರಿಸಿ, ಸೂಜಿ ದಾರ ಕೈಗೆ ಕೊಟ್ಟಳು. ಸಂಶೋಧಕನಾದವನಿಗೆ ಸೀಮೆಸುಣ್ಣದ ಗುರುತೇಕೆ? ಎರಡು ಭಾನುವಾರ ಕೂತು, ಬೆರಳಿಗೆ ಚುಚ್ಚಿಕೊಂಡು ಹೊಲಿದೆ. ನಾಲ್ಕು ತುಂಡು ಮಿಕ್ಕವು. ಬಟ್ಟೆ ಉಳಿತಾಯವಾಯಿತೆಂದು ಹಿಗ್ಗಿದೆ.

ರಂಗಮ್ಮ ಅದನ್ನು ತಲೆಗಿಟ್ಟುಕೊಂಡಳು. ಅದು ಜಾರಿ ಬಿದ್ದು, ಉರುಳುತ್ತಾ ಅಂಗಳ ದಾಟಿ, ಚರಂಡಿಯ ಹತ್ತಿರ ನಿಂತಿತು.

"ಇದೇನ್ ಮೇಷ್ಟ್ರೆ, ಸಿಂಬೆ ಅಂದ್ರೆ ಚೆಂಡು ಹೊಲ್ದ್‌ಬುಟ್ಟಿದೀರಲ್ಲ."

ಸರೋಜ ಅದನ್ನು ಎತ್ತಿಕೊಂಡು ಒಂದೊಂದೇ ಮೂಲೆಯ ತುಂಡುಗಳನ್ನು ಎಣಿಸಿದಳು. ಎಲ್ಲ ಕಡೆಯೂ ಐದೈದು. ಸದರಿ ಆಕಾರವು ಚೆಂಡೇ ಎಂಬುದು ಕೊನೆಗೂ ನಿಸ್ಸಂಶಯವಾಗಿ ರುಜುವಾತಾಯಿತು.