ಬೆಳಕು ಬರೋಬರಿ ಇಲ್ಲ

ಮಸ್ಕಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಯಂಕೋಬನಿಗೆ ಕ್ಯಾಮೆರಾದ ಆಟೋ ಮೋಡ್ ಎಂದರೆ ಮೈ ಉರಿ. "ಬೆಳಕು, ಫೋಕಸ್ಸು ಎಲ್ಲಾ ಮಷೀನ ನೋಡ್ಕೊಂಡ್ರ ನಾ ಯಾಕ ಬೇಕು?" ಎನ್ನುತ್ತಿದ್ದ. ಹಬ್ಬ ಬಂದರೆ ಅವನ ತಾಯಿ ಯಮನಮ್ಮ ಹೊಸ ಸೀರೆ ಉಟ್ಟು ಎದುರು ಕೂರುವಳು. "ನಂದೂ ಒಂದು ಫೋಟೋ ಹೊಡಿಯೋ ಯಂಕ್ಯಾ. ಆಧಾರ ಕಾರ್ಡಿನಾಗ ಕಳ್ಳಿ ಕಂಡಂಗ ಕಾಣ್ತೀನಿ."

"ತಡಿಯವ್ವಾ, ಬೆಳಕು ಬರೋಬರಿ ಇಲ್ಲ" ಎಂದು ಇವನು ಅದನ್ನು ತಿರುವಿ, ಇದನ್ನು ತಿರುವಿ, ಅವಳ ಗದ್ದವನ್ನು ಬೆರಳಷ್ಟು ಎತ್ತಿ ಬರುವುದರೊಳಗೆ ಅಡುಗೆಮನೆಯಿಂದ ರೊಟ್ಟಿ ಸುಟ್ಟ ವಾಸನೆ ಬರುವುದು. ಅವಳು ಎದ್ದು ಓಡುವಳು. ಊರಿನವರ ಮದುವೆ, ಬಸುರಿಯರ ಕುಬುಸ ಎಲ್ಲವನ್ನೂ ಹಿಡಿದ ಪುಣ್ಯಾತ್ಮನ ಮನೆಯಲ್ಲಿ ಹೆತ್ತವ್ವನ ಒಂದು ಫೋಟೋ ಇರಲಿಲ್ಲ.

ಸೋಮವಾರ ನಸುಕಿನಲ್ಲಿ ಯಮನಮ್ಮ ತೀರಿಕೊಂಡಳು.

ಮಣ್ಣಿಗೆ ಒಯ್ಯುವ ಮುಂಚೆ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ, ಹೂವು ಏರಿಸಿ, ಮನೆಯವರೆಲ್ಲ ಪಕ್ಕದಲ್ಲಿ ಕೂತು ಫೋಟೋ ತೆಗೆಸುವುದು ಅಲ್ಲಿಯ ಪದ್ಧತಿ. ಯಾರೋ ಮೊಬೈಲ್ ಎತ್ತಿದರು. ಯಂಕೋಬ ಕೈ ಅಡ್ಡ ಹಿಡಿದ. "ಯಾರೂ ಹೊಡಿಬ್ಯಾಡ್ರಿ. ನಮ್ಮವ್ವನ ಫೋಟೋ ನಾನ ತೆಗಿಬೇಕು."

ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟ. ಫೋಕಸ್ ಎಷ್ಟು ತಿರುವಿದರೂ ಅವ್ವ ಮಸುಕು. ಮಸುಕು ಇದ್ದದ್ದು ತನ್ನ ಕಣ್ಣೊಳಗೆ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಿತು.

ಪಕ್ಕದ ಮನೆಯ ದರ್ಜಿ ಮಲೀಕಸಾಬನಿಗೆ ಸುಮ್ಮನಿರಲಾಗಲಿಲ್ಲ. "ಆಟೋಕ್ಕ ಹಾಕಲೇ, ಜಿದ್ದು ಸಾಕು" ಎಂದು ತಾನೇ ಬಂದು ಕ್ಯಾಮೆರಾದ ಚಕ್ರ ತಿರುವಿದ, ಪರದೆಯ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಒತ್ತಿದ. ಆಮೇಲೆ ಗುಂಡಿ ಒತ್ತಿದರೆ ಕ್ಯಾಮೆರಾ ಕ್ಲಿಕ್ ಎನ್ನಲೇ ಇಲ್ಲ. ಪರದೆಯ ಮೂಲೆಯಲ್ಲಿ ನಗುವ ಹಳದಿ ಮುಖವೊಂದು ಮಿಣುಕತೊಡಗಿತು.

"ಏನಾತೋ?" ಎಂದ ಯಂಕೋಬ.

"ಯಾರರ ನಕ್ಕರ ತಾನಾ ಹೊಡಿತೈತಿ ಅದು" ಎಂದ ಮಲೀಕಸಾಬ ಮೆಲ್ಲಗೆ. "ಬಂದ್ ಮಾಡೋದು ನನಗ ಗೊತ್ತಿಲ್ಲ ನೋಡಪಾ."

ಆಟೋ ಕಡೆ ಕಣ್ಣೆತ್ತಿಯೂ ನೋಡದ ಯಂಕೋಬನಿಗೂ ಗೊತ್ತಿರಲಿಲ್ಲ. ಚಕ್ರ ಹಿಂದಕ್ಕೆ ತಿರುವಿದರೂ ಹಳದಿ ಮುಖ ಹೋಗಲಿಲ್ಲ.

"ಹೆಣದ ಮುಂದ ನಗಬೇಕಾ? ಮಾನ ಐತೇನ್ ನಿಮಗ!" ಎಂದು ಓಣಿಯ ಹಿರಿಯರೊಬ್ಬರು ಗುಡುಗಿದರು. ಬಿಸಿಲು ಅಂಗಳಕ್ಕೆ ಬಂದಾಗ ಅವರೇ, "ಯಾರರ ಒಬ್ರು ನಕ್ಕು ಮುಗಸ್ರಿ, ಹೊತ್ತು ಏರಾಕತ್ತೈತಿ" ಎಂದರು. ಯಂಕೋಬನ ಹೆಂಡತಿ ಅಂಬಿಕಾ ನಗಲು ಬಾಯಿ ತೆರೆದು ಮತ್ತಷ್ಟು ಜೋರಾಗಿ ಅತ್ತಳು.

ಅಷ್ಟರಲ್ಲಿ ಯಂಕೋಬನ ಕಣ್ಣು ಅವ್ವನ ಗದ್ದದ ಮೇಲೆ ಬಿತ್ತು. ಬೆರಳಷ್ಟು ಬಾಗಿತ್ತು. "ತಡಿಯವ್ವಾ" ಎನ್ನುತ್ತ ಹೋಗಿ ಅವಳ ಮುಂದೆ ಮಂಡಿಯೂರಿದ.

"ಸಾಕು ಬಿಡೋ" ಎಂದಳು ಯಮನಮ್ಮನ ಗೆಳತಿ ವೀರಭದ್ರಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಇನ್ನೂ ಹಿಂಗ ಮಾಡ್ಕೋತ ಕುಂತ್ರ ಎದ್ದು ರೊಟ್ಟಿ ನೋಡಾಕ ಹೋಗ್ತಾಳಾಕಿ!"

ಮೊದಲು ಅಂಬಿಕಾ ಕಿಸಕ್ಕೆಂದಳು. ಅಳುತ್ತಿದ್ದವರೆಲ್ಲ ಅಳುತ್ತಲೇ ನಕ್ಕರು. ಕ್ಯಾಮೆರಾ ಟಕಟಕನೆ ಹೊಡೆಯಿತು. "ಫೋಟೋ ಬಿತ್ತು, ಬಿತ್ತು!" ಎಂದು ಮಲೀಕಸಾಬ ಕೂಗಿದ. ಹಿರಿಯರು ಮತ್ತೆ ಕಾಯಲಿಲ್ಲ, ಹೆಣ ಎತ್ತಿಸಿದರು.

ಸಂಜೆ ಸ್ನಾನ ಮಾಡಿ ಬಂದು ಯಂಕೋಬ ಫೋಟೋ ನೋಡಿದ. ಬೆಳಕು ಬರೋಬರಿ ಇತ್ತು. ಅಷ್ಟು ಒಳ್ಳೆಯ ನಗುವನ್ನು ಅವನು ಯಾವ ಮದುವೆಯಲ್ಲೂ ಹಿಡಿದಿರಲಿಲ್ಲ. ಎಲ್ಲರ ನಡುವೆ, ಅಂಗಿಯ ಎಳೆ ಎಳೆಯೂ ಕಾಣುವಂತೆ, ಗದ್ದ ಸರಿಮಾಡುತ್ತಿದ್ದ ಅವನದೇ ಅಗಲ ಬೆನ್ನು. ಎಲ್ಲಾ ಫೋಟೋಗಳಲ್ಲೂ ಅದೇ. ಅವ್ವ ಅದರ ಹಿಂದೆ ಮರೆಯಾಗಿದ್ದಳು. ಬೆಳಗಿನಿಂದ ತಡೆದುಕೊಂಡಿದ್ದವನು ಆಗ ಕೂಸಿನಂತೆ ಅತ್ತ.

ಅಂಬಿಕಾ ಬಂದು ಫೋಟೋ ನೋಡಿದಳು. ನಾಳೆ ಹಾರ ಹಾಕಲು ಗೋಡೆಗೊಂದು ಫೋಟೋ ಬೇಕಿತ್ತು.

"ಅತ್ತಿ ಆಧಾರ ಕಾರ್ಡ್ ತರ್ಲೇನ್ರಿ?" ಎಂದಳು.