ಅರಿಶಿನದ ವ್ಯಾನಿನಲ್ಲಿ ಪರದೇಶ

ನನ್ನಲ್ಲೊಂದು ಸ್ವಭಾವವಿದೆ. ನಾನು ಅದನ್ನು ಗುಣ ಎನ್ನುತ್ತೇನೆ, ಮನೆಯವರು ಕಾಯಿಲೆ ಎನ್ನುತ್ತಾರೆ. ಯಾವ ಕೆಲಸವೇ ಇರಲಿ, ಕೆಲಸಕ್ಕಿಂತ ಅದರ ಸಿದ್ಧತೆಯನ್ನು ದೊಡ್ಡದು ಮಾಡಿಬಿಡುತ್ತೇನೆ. ಮೈಸೂರಿಗೆ ಸೀರೆ ತರಲು ಹೊರಟರೂ ನನ್ನ ಚೀಲದಲ್ಲಿ ಸೂಜಿ, ದಾರ, ಟಾರ್ಚು, ಹೊಟ್ಟೆನೋವಿಗೆ ಓಮ, ತಲೆನೋವಿಗೆ ಅಮೃತಾಂಜನದಂಥದ್ದೇನಾದರೂ ಇರಲೇಬೇಕು. ದಾರಿಯಲ್ಲಿ ಯಾರಿಗೂ ಹೊಟ್ಟೆ ನೋಯದಿದ್ದರೆ ನನಗೆ ಒಳಗೊಳಗೇ ಬೇಸರವಾಗುತ್ತದೆ. ಇಂಥವಳಿಗೆ ಪರದೇಶಕ್ಕೆ ಹೋಗುವ ಹುಚ್ಚು ಹಿಡಿದರೆ ಏನಾಗುತ್ತದೆ ಎನ್ನುವುದನ್ನು ತೊಂಬತ್ತರ ದಶಕದಲ್ಲಿ ಚಾಮರಾಜನಗರದ ನಮ್ಮ ಬೀದಿಯವರೆಲ್ಲ ಕಣ್ಣಾರೆ ನೋಡಿದರು.

ನಾನು ಆಗಲೂ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಹಿಮಾಲಯವನ್ನು ಕೋಲಿನ ತುದಿಯಲ್ಲಿ ಅದೆಷ್ಟು ಸಲ ಮುಟ್ಟಿದ್ದೆನೆಂದರೆ, ನಕ್ಷೆಯಲ್ಲಿ ಆ ಜಾಗವೇ ಹರಿದು ಅದಕ್ಕೆ ಅಂಟುಕಾಗದ ಹಚ್ಚಬೇಕಾಗಿ ಬಂದಿತ್ತು. ನಿಜವಾಗಿ ನಾನು ಹತ್ತಿದ ಬೆಟ್ಟವೆಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಹೆಸರಿನಲ್ಲಿ ಹಿಮವಿದೆಯಲ್ಲ, ಅಷ್ಟೇ ಸಮಾಧಾನ. ನಮ್ಮವರು ಮಹದೇವಸ್ವಾಮಿ ಅರಿಶಿನದ ಗಿರಣಿ ನಡೆಸುತ್ತಿದ್ದರು. ಕೊಂಬು ಕೊಂಡು, ಪುಡಿ ಮಾಡಿಸಿ, ಒಂದು ಹಳೆಯ ಮೆಟಡಾರ್ ವ್ಯಾನಿನಲ್ಲಿ ತುಂಬಿಕೊಂಡು ಮೈಸೂರಿಗೆ ಒಯ್ಯುತ್ತಿದ್ದರು. ಮನೆಯಲ್ಲಿ ನಮ್ಮ ಜೊತೆಗೆ ಮಗಳು ರೂಪ, ಕುದೇರಿನಿಂದ ಬಂದು ನಮ್ಮೊಂದಿಗೇ ಇದ್ದ ಅತ್ತೆ ಪುಟ್ಟಮಾದಮ್ಮ.

ಹುಚ್ಚು ಹಿಡಿದದ್ದು ಗುಂಡ್ಲುಪೇಟೆಯಲ್ಲಿ. ಅದು ನನ್ನ ತವರು. ಒಂದು ರಜೆಯಲ್ಲಿ ಹೋದಾಗ ಊಟಿ ರಸ್ತೆಯ ಪೆಟ್ರೋಲ್ ಬಂಕಿನ ಪಕ್ಕ ಒಂದು ದೊಡ್ಡ ವ್ಯಾನು ಪಂಕ್ಚರ್ ಆಗಿ ನಿಂತಿತ್ತು. ಒಳಗೆ ಒಬ್ಬ ಬಿಳಿಯ ಹೆಂಗಸು ಸ್ಟೌ ಮುಂದೆ ನಿಂತು ಮೊಟ್ಟೆ ಹುರಿಯುತ್ತಿದ್ದಳು. ಹುಡುಗಿಯೊಬ್ಬಳು ಮಡಚುವ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದಳು. ಗಂಡ ಹೊರಗೆ ಟೈರಿನ ಪಕ್ಕ ಕೂತು, ಬಾಳೆಕಾಯಿ ಲಾರಿಯ ಮಲೆಯಾಳಿ ಡ್ರೈವರನ ಜೊತೆ ಕೈಸನ್ನೆಯಲ್ಲಿ ಹರಟೆ ಹೊಡೆಯುತ್ತಿದ್ದ. ನಾನು ಬಾಗಿಲಲ್ಲಿ ಇಣುಕಿದ್ದೇ ತಡ, ಆಕೆ ಒಳಗೆ ಕರೆದು ಹಾಲೂ ಇಲ್ಲದ ಸಕ್ಕರೆಯೂ ಇಲ್ಲದ ಟೀ ಕೊಟ್ಟಳು. ಮರ್ಯಾದೆಗೆ ಕುಡಿದೆ. ಎಲ್ಲಿಂದ ಬಂದಿರಿ ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಕೇಳಿದಾಗ ಗೋಡೆಗೆ ಅಂಟಿಸಿದ್ದ ನಕ್ಷೆಯ ಮೇಲೆ ಬೆರಳು ಎಳೆದಳು. ನಾನು ತರಗತಿಯಲ್ಲಿ ಬಾಯಿಪಾಠ ಮಾಡಿಸುವ ದೇಶಗಳ ಮೇಲೆಲ್ಲ ಆ ಬೆರಳು ಹಾದು ಬಂತು. ಅವಳ ಉಗುರಿನಲ್ಲಿ ಈರುಳ್ಳಿ ಸಿಪ್ಪೆ ಸಿಕ್ಕಿಕೊಂಡಿತ್ತು. ಅದನ್ನು ಕಂಡ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ. ಈರುಳ್ಳಿ ಹೆಚ್ಚುವವಳು ಇಷ್ಟು ದೂರ ಬರಬಹುದಾದರೆ ನಾನೂ ಹೋಗಬಹುದು. ನಮ್ಮಲ್ಲೂ ಒಂದು ವ್ಯಾನು ಇದೆ.

ಮನೆಗೆ ಬಂದು ಹೇಳಿದೆ. ನಮ್ಮವರು ಲೋಟದ ಕಾಫಿ ಮುಗಿಸಿ, "ಆಯ್ತು ಬುಡು" ಎಂದರು. ಅವರು ಆ ಮಾತು ಹೇಳಿದರೆ ಒಪ್ಪಿದರು ಎಂದರ್ಥವಲ್ಲ, ನಾಳೆಯ ಹೊತ್ತಿಗೆ ನಾನು ಮರೆಯುತ್ತೇನೆ ಎಂದರ್ಥ. ನಾನು ಮರೆಯಲಿಲ್ಲ. ಪಾಸ್‌ಪೋರ್ಟಿನ ರಗಳೆ ಬೇಡವೆಂದು ನೇಪಾಳವನ್ನು ಆರಿಸಿದೆ. ನಮ್ಮದೇ ಗಾಡಿಯಲ್ಲಿ, ಬೇಸಿಗೆ ರಜೆ ಪೂರ್ತಿ. ನೇಪಾಳ ಪರದೇಶವೇ, ಅಲ್ಲವೇ ಎಂದು ಶಾಲೆಯಲ್ಲಿ ದೊಡ್ಡ ಚರ್ಚೆಯಾಯಿತು. ಪಾಸ್‌ಪೋರ್ಟ್ ಕೇಳದ ದೇಶ ಎಂಥ ಪರದೇಶ ಎಂದು ಹೆಡ್ಮಾಸ್ತರರು ನಕ್ಕರು. ಈ ವಿಷಯದಲ್ಲಿ ನನ್ನ ಪಕ್ಷ ವಹಿಸಿದವರು ಅತ್ತೆ ಒಬ್ಬರೇ.

"ಅಲ್ಲಿ ರಾಜ ಅವ್ನಾ?" ಎಂದು ಕೇಳಿದರು.

"ಇದ್ದಾನೆ ಅತ್ತೆ."

"ರಾಜ ಬ್ಯಾರೆ, ದುಡ್ಡು ಬ್ಯಾರೆ ಅಂದ್ಮೇಲೆ ಪರದೇಸ್ವೇ ಕಣಮ್ಮಿ. ನೀ ಓಗ್ಬುಟ್ಟು ಬಾ. ನಾ ಬರಕಿಲ್ಲ."

ಇದೇ ದೊಡ್ಡ ಅಡ್ಡಿಯಾಯಿತು. ತಾಯಿಯನ್ನು ಒಬ್ಬರನ್ನೇ ಬಿಟ್ಟು ಅಷ್ಟು ದಿನ ಹೋಗುವ ಮಾತೇ ಇಲ್ಲ ಎಂದು ನಮ್ಮವರು ಖಂಡಿತವಾಗಿ ಹೇಳಿದರು. ಅತ್ತೆಯ ಆಕ್ಷೇಪಣೆಗಳು ಎರಡು. ಮೊದಲನೆಯದನ್ನು ಮಗನನ್ನೇ ಕರೆದು ಕೇಳಿದರು.

"ದಾರೀಲಿ ನಾ ಸತ್ತೋದ್ರೆ ಏನ್ಲಾ ಮಾಡೀಯೆ? ಆ ಮಂಜಿನ್ ಬೆಟ್ಟದಲ್ಲಿ ಮಣ್ಣು ಮಾಡ್ಬುಟ್ಟು ಬಂದೀಯಾ?"

"ಗಾಡಿ ನಮ್ದೇ ಅಲ್ವಾ ಅವ್ವ. ತಿರುಗಿಸ್ಕಂಡು ಕುದೇರಿಗೇ ಕರ್ಕಬತ್ತೀನಿ" ಎಂದರು ನಮ್ಮವರು, ನಾಳೆ ಸಂತೆಗೆ ಹೋಗುವ ವಿಷಯ ಮಾತಾಡಿದ ಹಾಗೆ.

ಅತ್ತೆಗೆ ಆ ಉತ್ತರ ಒಪ್ಪಿಗೆಯಾಯಿತು. ಆದರೆ ಎರಡನೆಯ ಆಕ್ಷೇಪಣೆ ಇನ್ನೂ ಬಾಕಿಯಿತ್ತು. "ಗಾಡೀಲೇ ಮನೆ ಅಂತೀರಿ. ಯಾರಾರಾ ಬಂದ್ರೆ ಕೂತ್ಕೊ ಅನ್ನಕೆ ಜಾಗಿಲ್ಲ, ಒಂದ್ ತುತ್ತು ಇಕ್ಕಕೆ ಜಾಗಿಲ್ಲ. ಬಾಗ್ಲು ಮುಚ್ಕಂಡು ನಾವ್ನಾವೇ ಉಂಡ್ಕಂಡ್ ಓಗದು ಒಂದು ಮನೆಯಾ? ಅದಕ್ಕೆ ಜೈಲು ಅಂತಾರೆ ಕಣಮ್ಮಿ."

ಅಭ್ಯಾಸವಾದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ತೀರ್ಮಾನಿಸಿದೆ. ಶಾಲೆಯಿಂದ ಸೀಮೆಸುಣ್ಣ ತಂದು ನಡುಮನೆಯ ಕೆಂಪು ನೆಲದ ಮೇಲೆ ವ್ಯಾನಿನ ಅಳತೆಗೆ ಸರಿಯಾಗಿ ಗೆರೆ ಹಾಕಿದೆ. ಭಾನುವಾರ ಬಂತೆಂದರೆ ನಾವೆಲ್ಲ ಆ ಗೆರೆಯೊಳಗೆ ಬದುಕಬೇಕು. ಅಡುಗೆ, ಊಟ, ನಿದ್ದೆ, ಜಗಳ ಎಲ್ಲ ಅದರಲ್ಲೇ. ನಮ್ಮವರು ಮುಂದಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅದು ಡ್ರೈವರ್ ಸೀಟು. ಮೊದಲ ಭಾನುವಾರವೇ ಪಕ್ಕದ ಮನೆಯ ಸರೋಜಮ್ಮ ಬಾಗಿಲು ಬಡಿದರು. ಅತ್ತೆ ಎದ್ದು ಸೀದಾ ನಡೆದೇ ಬಿಟ್ಟರು.

"ಅತ್ತೆ, ಹಾಗೆಲ್ಲ ಹೋಗಬಾರದು. ನೀವೀಗ ಓಡೋ ಗಾಡಿಯಿಂದ ಕೆಳಗೆ ಬಿದ್ದಿರಿ" ಎಂದೆ.

ಅತ್ತೆ ತಮ್ಮ ಮಂಡಿ ಮುಟ್ಟಿ ನೋಡಿಕೊಂಡರು. "ನೋವಾಗ್ನಿಲ್ವಲ್ಲ ಕಣಮ್ಮಿ" ಎಂದು ಹೇಳಿ ಬಾಗಿಲು ತೆಗೆದರು. ಸರೋಜಮ್ಮ ಬಂದು ಗೆರೆಯೊಳಗೇ ಕೂತರು. ಆಮೇಲೆ ನಮಗೆ ಕಾಲು ಚಾಚಲು ಜಾಗವಾಗಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

ವ್ಯಾನನ್ನು ಮನೆ ಮಾಡುವ ಕೆಲಸವನ್ನು ಗುಂಡ್ಲುಪೇಟೆಯ ರಾಘವನ್ ಮೇಸ್ತ್ರಿಗೆ ಒಪ್ಪಿಸಿದೆವು. ವಯನಾಡಿನ ಕಡೆಯಿಂದ ಬಂದು ನೆಲೆ ನಿಂತ ಬಡಗಿ. ನನ್ನಷ್ಟೇ ಧೈರ್ಯವಂತ. ಏನು ಕೇಳಿದರೂ "ಒನ್ನುಂ ಪೇಡಿಕ್ಕೇಂಡ ಟೀಚರೇ, ಏನೂ ಹೆದರಬೇಡಿ" ಎನ್ನುತ್ತಿದ್ದ. ಹಗಲು ಬೆಂಚಾಗುವ, ರಾತ್ರಿ ಮಂಚವಾಗುವ ಹಲಗೆ, ಸ್ಟೌ ಇಡಲು ಕಟ್ಟೆ, ನೀರಿನ ಡ್ರಮ್ಮಿಗೆ ಗೂಡು, ಎಲ್ಲ ಚೆನ್ನಾಗಿಯೇ ಮಾಡಿಕೊಟ್ಟ. ಮಂಚಗಳು ಮಾತ್ರ ನಮ್ಮವರಿಗೆ ಗಿಡ್ಡವಾದವು. ಅವರು ಮಲಗಿದರೆ ಮೊಣಕಾಲಿನಿಂದ ಕೆಳಗೆ ಗಾಳಿಯಲ್ಲಿರುತ್ತಿತ್ತು. ಮೇಸ್ತ್ರಿಯನ್ನು ಬೈಯಲು ಹೋದೆ. ಅಳತೆಗೆಂದು ಅವನ ಅಂಗಡಿಯಲ್ಲಿ ಹಲಗೆಯ ಮೇಲೆ ಮಲಗಿ ತೋರಿಸಿದವಳು ನಾನೇ ಎನ್ನುವುದು ನೆನಪಾಗಿ, ಚೆನ್ನಾಗಿದೆ ಎಂದು ಹೊಗಳಿ ಬಂದೆ.

ಉಳಿದ ತೊಂದರೆ ಅರಿಶಿನ. ಅಷ್ಟು ವರ್ಷ ಪುಡಿ ಹೊತ್ತ ಗಾಡಿ. ಸೋಪು ಹಾಕಿ ತೊಳೆದೆವು, ಸೀಗೆಪುಡಿ ಹಾಕಿ ಉಜ್ಜಿದೆವು. ನಿಂತಿದ್ದಾಗ ಚೊಕ್ಕಟವಾಗಿ ಕಾಣುತ್ತಿತ್ತು. ಹಳ್ಳ ದಿಣ್ಣೆ ಹತ್ತಿ ಇಳಿಯತೊಡಗಿದ ಕೂಡಲೇ ಸೂರಿನ ತಗಡಿನ ಸಂದುಗಳಿಂದ ಹಳದಿ ಪುಡಿ ಸಣ್ಣಗೆ ಉದುರುತ್ತಿತ್ತು. ಹಾಸಿಗೆಯ ಬಿಳಿ ಹೊದಿಕೆಗಳು ಬಣ್ಣ ತಿರುಗಿದವು. "ಶುಭವೇ ಅಲ್ವಾ" ಎಂದರು ನಮ್ಮವರು. ಗುಂಡ್ಲುಪೇಟೆಯಿಂದ ಗಾಡಿ ತಂದ ದಿನ ಅವರ ಮೀಸೆಯೂ ಹಳದಿಯಾಗಿತ್ತು.

ಪರೀಕ್ಷೆಗೆಂದು ಒಂದು ಸಲ ಹೊರಗೆ ಹೋಗಿ ಉಳಿದು ಬರೋಣ, ಅಷ್ಟಕ್ಕಾದರೂ ಬನ್ನಿ ಎಂದು ಅತ್ತೆಯನ್ನು ಕಾಡಿ ಒಪ್ಪಿಸಿದೆ. ಬೆಳಿಗ್ಗೆ ಸತ್ಯಮಂಗಲದ ರಸ್ತೆ ಹಿಡಿದು ಪುಣಜನೂರಿನ ಹತ್ತಿರ ಕಾಡಂಚಿನ ಒಂದು ಹುಣಸೆಮರದ ನೆರಳಲ್ಲಿ ನಿಲ್ಲಿಸಿದೆವು. ನೇಪಾಳಕ್ಕೆಂದು ಹುರಿದಿಟ್ಟ ರವೆ, ರಜೆ ಮುಗಿಯುವ ತನಕ ಬರುವಷ್ಟು ಹುಳಿಯನ್ನದ ಗೊಜ್ಜು, ಚಟ್ನಿಪುಡಿ, ಹಪ್ಪಳ ಎಲ್ಲ ತುಂಬಿಕೊಂಡೇ ಹೋಗಿದ್ದೆ. ಭಾರ ಹೊತ್ತರೆ ಗಾಡಿ ಹೇಗೆ ಓಡುತ್ತದೆ ಎನ್ನುವುದೂ ಗೊತ್ತಾಗಬೇಕಲ್ಲ. ಅತ್ತೆ ಬೆಂಚಿನ ತುದಿಯಲ್ಲಿ, ಮುಂದಿನ ಸ್ಟಾಪಿನಲ್ಲಿ ಇಳಿಯುವವರ ಹಾಗೆ ಕೂತಿದ್ದರು.

ಮಧ್ಯಾಹ್ನದ ಕಾಫಿ ಕುದಿಯುತ್ತಿದ್ದಾಗ ರಸ್ತೆಯ ತಿರುವಿನಿಂದ ಜನ ನಡೆದು ಬರುವುದು ಕಂಡಿತು. ಜರಿ ಸೀರೆಯ ಹೆಂಗಸರು, ತಟ್ಟೆ ಹಿಡಿದ ಮಕ್ಕಳು, ನಡುವೆ ಬಿಳಿ ಪಂಚೆ, ಬಿಳಿ ಶರಟಿನ ಒಬ್ಬ ಯುವಕ. ಸತ್ಯಮಂಗಲದ ಕಡೆಯ ಗಂಡಿನ ದಿಬ್ಬಣ. ಬಾಡಿಗೆಗೆ ತಂದ ಬಸ್ಸಿನ ಆಕ್ಸಲ್ ಘಾಟಿ ಹತ್ತಿ ಬಂದ ಮೇಲೆ ಮುರಿದಿತ್ತು. ಮದುವೆ ಚಾಮರಾಜನಗರದ ಒಂದು ಛತ್ರದಲ್ಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರುಗೊಳ್ಳಲು ಹೆಣ್ಣಿನ ಕಡೆಯವರು ಕಾದಿರುತ್ತಾರೆ. ಹೋಗುವ ಬಸ್ಸುಗಳು ಮೆಟ್ಟಿಲ ತನಕ ತುಂಬಿ ಹೋಗುತ್ತಿದ್ದವು. ಯಾರೂ ಬೆಳಿಗ್ಗೆಯಿಂದ ಸರಿಯಾಗಿ ತಿಂದಿರಲಿಲ್ಲ. ಗಂಡಿನ ಅಜ್ಜಿ ಹುಣಸೆಮರದ ಬೇರಿನ ಮೇಲೆ ಕುಸಿದು ಕೂತರು.

ಅತ್ತೆ ಬೆಂಚಿನಿಂದ ಎದ್ದರು. ಈರೋಡಿನ ಅರಿಶಿನದ ವ್ಯಾಪಾರಿಗಳ ಜೊತೆ ಮಾತಾಡಿ ಕಲಿತ ತಮಿಳಿನಲ್ಲಿ ಎಲ್ಲರನ್ನೂ ಕೂರಿಸಿ, ನನ್ನ ಕಡೆ ತಿರುಗಿ, "ಉಪ್ಪಿಟ್ಟಿಗೆ ನೀರಿಡು" ಎಂದರು.

"ಅತ್ತೆ, ಅದು ನೇಪಾಳದ ರವೆ" ಎಂದೆ ಮೆಲ್ಲಗೆ.

"ನೇಪಾಳ್ದಲ್ಲಿ ರವೆ ಸಿಕ್ಕಕಿಲ್ವಾ? ಇಡು ಅತ್ಲಾಗೆ."

ರವೆ ಮುಗಿಯಿತು. ಅನ್ನ ಬೇಯಿಸಿದೆವು, ಗೊಜ್ಜಿನ ಭರಣಿ ಬರಿದಾಯಿತು. ನಾನು ಕಂಗೆಟ್ಟು ಹಪ್ಪಳ ಬಚ್ಚಿಡುವುದರೊಳಗೆ ರೂಪ ಅದನ್ನೂ ಕರಿದುಬಿಟ್ಟಿದ್ದಳು. ಮದುವೆ ಗಂಡು ಬಿಸಿಲಿಗೆ ಸೋತಿದ್ದನ್ನು ಕಂಡು ಅತ್ತೆ ಅವನನ್ನು ಗಾಡಿಯೊಳಗೆ ಕರೆದು ಮಂಚದ ಮೇಲೆ ಮಲಗಿಸಿದರು. ಆಮೇಲೆ ಮಗನಿಗೆ ಅಪ್ಪಣೆಯಾಯಿತು. "ಮಾದೇವ, ಮೊದ್ಲು ಗಂಡ್ನೂ ಅವ್ರ ಅಪ್ಪ ಅವ್ವನ್ನೂ ಅಜ್ಜೀನೂ ಛತ್ರಕ್ಕೆ ಮುಟ್ಸನ. ಮಿಕ್ಕೋರಿಗೆ ಊರಿಂದ ಬ್ಯಾರೆ ಗಾಡಿ ಕಳ್ಸನ."

"ಆಯ್ತು ಬುಡವ್ವ" ಎಂದರು ನಮ್ಮವರು. ತಾಯಿಗೆ ಹೇಳುವಾಗ ಮಾತ್ರ ಅದಕ್ಕೆ ಒಪ್ಪಿದೆ ಎಂದೇ ಅರ್ಥ.

ಅರ್ಧ ದಾರಿಯಲ್ಲಿ ಗಂಡು ಎದ್ದು ಕೂತ. ಬೆನ್ನು, ಭುಜ, ಪಂಚೆ, ಒಂದು ಕೆನ್ನೆ, ಎಲ್ಲ ಅಚ್ಚ ಹಳದಿ. ಅವನ ತಾಯಿ ಸೆರಗಿನ ತುದಿಯಿಂದ ಭುಜ ಒರೆಸತೊಡಗಿದರು. ಮದುವೆಗೆ ಹೊಲಿಸಿದ ಶರಟು. ನನ್ನ ಸಿದ್ಧತೆಯ ಚೀಲದಲ್ಲಿ ಎಲ್ಲಕ್ಕೂ ಮದ್ದಿತ್ತು, ಇದಕ್ಕಿರಲಿಲ್ಲ. ಅಜ್ಜಿ ಮೊಮ್ಮಗನ ಕೆನ್ನೆಗೆ ಬೆರಳು ತಾಗಿಸಿ ಮೂಸಿ ನೋಡಿದರು. ಹಲ್ಲಿಲ್ಲದ ಬಾಯಲ್ಲಿ ನಗತೊಡಗಿದರು.

"ಮಾಪ್ಳೈಕ್ಕು ಮಂಜಳ್ ಪೂಸಿಯಾಚ್ಚು" ಎಂದರು. ಮದುಮಗನಿಗೆ ಅರಿಶಿನ ಹಚ್ಚಿ ಆಯಿತು, ಇನ್ನು ಆ ಶಾಸ್ತ್ರ ಬೇರೆ ಮಾಡಬೇಕಿಲ್ಲ ಎಂದು. ಅವರ ಸೊಸೆಯೂ ನಕ್ಕರು. ಕೊನೆಗೆ ಗಂಡು ತನ್ನ ಇನ್ನೊಂದು ಕೆನ್ನೆಯನ್ನೂ ಹೊದಿಕೆಗೆ ಒರೆಸಿ ಸಮ ಮಾಡಿಕೊಂಡ.

ಛತ್ರದ ಮುಂದೆ ದೀಪಗಳು ಆಗತಾನೇ ಹತ್ತಿದ್ದವು. ವಾಲಗದವರು ನಮ್ಮ ಗಾಡಿಯನ್ನು ಸರಕಿನದೆಂದು ತಿಳಿದು ಪಕ್ಕಕ್ಕೆ ಹೋಗಲು ಕೈ ಮಾಡಿದರು. ಹಿಂದಿನ ಬಾಗಿಲು ತೆರೆದು ಹಳದಿ ಮದುಮಗ ಇಳಿದಾಗ ಗಡಬಡಿಸಿ ವಾಲಗ ಎತ್ತಿ ಊದಿದರು. ಹೆಣ್ಣಿನ ತಂದೆ ಕೈ ಮುಗಿದು ಬಂದು, "ಒಳ್ಳೆ ಹೊತ್ತಿಗೆ ಸಿಕ್ಕಿದಿರಿ ಕಣಮ್ಮ. ಯಾರ ಗಾಡಿ ಇದು?" ಎಂದು ಅತ್ತೆಯನ್ನು ಕೇಳಿದರು.

"ಗಾಡಿಯಲ್ಲ ಕಣಪ್ಪ. ನಮ್ಮನೆ" ಎಂದರು ಅತ್ತೆ.

ಮದುವೆಯೂಟ ಮುಗಿಸಿ ಬಂದ ಮರುದಿನವೇ ಅವರು ತಮ್ಮ ಸೀರೆಗಳನ್ನು ತಂದು ವ್ಯಾನಿನ ಗೂಡಿನಲ್ಲಿ ಜೋಡಿಸಿಟ್ಟರು. ನನಗೆ ಹೊಸದಾಗಿ ರವೆ ಹುರಿಯುವ ಕೆಲಸ ಬಿತ್ತು. ಈ ಸಲ ಮೊದಲಿಗಿಂತ ಹೆಚ್ಚು ಹುರಿಯಬೇಕೆಂದು ಅಪ್ಪಣೆಯಾಯಿತು. ದಾರಿಯಲ್ಲಿ ಯಾರು ಸಿಗುತ್ತಾರೋ ಗೊತ್ತಿಲ್ಲವಲ್ಲ.

ರಜೆ ಶುರುವಾದ ಕೂಡಲೇ ಹೊರಟೆವು, ಹೋಗಿಯೂ ಬಂದೆವು. ದಾರಿಯುದ್ದಕ್ಕೂ ಅತ್ತೆ ಗಾಡಿಯ ಬಾಗಿಲು ತೆರೆದಿಟ್ಟು ಲಾರಿ ಡ್ರೈವರುಗಳಿಗೂ ಸಾಧುಗಳಿಗೂ ಇಕ್ಕಿದರು. ಭಾಷೆ ಬಾರದ ಊರುಗಳಲ್ಲಿ ನನ್ನ ಬಾಯಿಪಾಠದ ಹಿಂದಿಗಿಂತ ಅವರ ಸೌಟು ಹೆಚ್ಚು ಕೆಲಸ ಮಾಡಿತು. ನಾನು ಮಾತ್ರ ಒಂದೇ ಕ್ಷಣಕ್ಕಾಗಿ ಕಾಯುತ್ತಿದ್ದೆ. ಒಂದು ದೇಶ ಮುಗಿದು ಇನ್ನೊಂದು ಶುರುವಾಗುವ ಗಡಿ. ಆ ಜಾಗ ದಾಟುವಾಗ ಎಡಗಡೆ ಏನು ನೋಡಬೇಕು, ಬಲಗಡೆ ಏನು ನೋಡಬೇಕು ಎಂದು ಮಗಳಿಗೆ ಗೋರಖಪುರದಿಂದಲೇ ಪಾಠ ಮಾಡಿದೆ. ಮಧ್ಯಾಹ್ನ ದಾರಿ ಬದಿಯಲ್ಲಿ ಮೊಸರನ್ನ ತಿಂದು, ಗಡಿ ಬರಲು ಇನ್ನೂ ಹೊತ್ತಿದೆ ಎಂದು ನನ್ನ ಅಳತೆಯ ಆ ಮಂಚದ ಮೇಲೆ ಸ್ವಲ್ಪ ಒರಗಿದೆ.

ಎಚ್ಚರವಾದಾಗ ಅತ್ತೆ ಕಿಟಕಿಯ ಪಕ್ಕ ಕೂತು ಹೊಸ ನಮೂನೆಯ ನಾಣ್ಯವೊಂದನ್ನು ತಿರುಗಿಸಿ ನೋಡುತ್ತಿದ್ದರು. ಗಡಿ ಯಾವಾಗ ಬರುತ್ತದೆ ಎಂದು ಕೇಳಿದೆ. "ಆಗ್ಲೇ ಓಯ್ತು ಕಣಮ್ಮಿ. ಕಾಗದ ಪತ್ರ ಎಲ್ಲ ನೋಡುದ್ರು. ನಿನ್ನೂ ನೋಡುದ್ರು. ಮಲಗವ್ಳೆ ಬುಡಿ ಅಂತ ಅವ್ರೇ ಅಂದ್ರು" ಎಂದರು.

ಈಗಲೂ ತರಗತಿಯಲ್ಲಿ ಭಾರತ ನೇಪಾಳದ ಗಡಿಯನ್ನು ಬೋರ್ಡಿನ ಮೇಲೆ ಬಿಡಿಸುವಾಗ ನನ್ನ ಕೈ ಒಂದಿಷ್ಟೂ ಅಳುಕುವುದಿಲ್ಲ. ಸ್ವತಃ ನೋಡಿ ಬಂದವರು ಹೇಳುತ್ತಿದ್ದಾರೆ ಎಂದು ಮಕ್ಕಳೂ ಗಮನವಿಟ್ಟು ಬರೆದುಕೊಳ್ಳುತ್ತಾರೆ. ಈ ಕಡೆ ನಾನು ಮೊಸರನ್ನ ತಿಂದ ಜಾಗ, ಆ ಕಡೆ ನಾನು ಎದ್ದ ಜಾಗ, ನಡುವೆ ಒಂದು ಗೆರೆ.