ಶಾಕವ್ರತದಲ್ಲಿ ತರಕಾರಿ ಆ್ಯಪ್

ಪ್ರಾಣೇಶನಿಗೆ ಜಗತ್ತನ್ನು ಉದ್ಧಾರ ಮಾಡುವ ಯೋಚನೆಗಳು ಸಾಮಾನ್ಯವಾಗಿ ಬಚ್ಚಲುಮನೆಯಲ್ಲೇ ಹುಟ್ಟುತ್ತಿದ್ದವು. ಬಳ್ಳಾರಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದ ಅವನು ಅವತ್ತೂ ಸ್ನಾನವನ್ನು ಅರ್ಧಕ್ಕೇ ಬಿಟ್ಟು, ಪಂಚೆ ಸುತ್ತಿಕೊಂಡು, ನೀರು ಸುರಿಸುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಶ್ರೀವಲ್ಲಿ, ನಮ್ಮಂಥವರಿಂದ ಭೂಮಿ ಹಾಳಾಗ್ಲಿಕತ್ತದ."

"ನಿಮ್ಮಿಂದ ನಾನು ಈಗಷ್ಟೇ ಒರೆಸಿದ ನೆಲ ಹಾಳಾಗ್ಲಿಕತ್ತದ. ಮೊದ್ಲು ಮೈ ಒರೆಸಿಕೊಂಡು ಬರ್ರಿ," ಎಂದಳು ಹೆಂಡತಿ, ತಿರುಗಿಯೂ ನೋಡದೆ.

ಮಹಾಪುರುಷರಿಗೆ ಮನೆಯಲ್ಲಿ ಸಿಗುವ ಮರ್ಯಾದೆಯೇ ಇಷ್ಟು ಎಂದುಕೊಂಡ ಪ್ರಾಣೇಶ ಕಂಪ್ಯೂಟರಿನ ಮುಂದೆ ಕೂತ. ರಜೆಯೆಲ್ಲ ಕೂತು ಎಬ್ಬಿಸಿದ್ದು 'ಹಸಿರು ಚೀಲ' ಎಂಬ ಆ್ಯಪ್. ಅದರಲ್ಲಿ ತರಕಾರಿ ಕೊಂಡರೆ ಪ್ಲಾಸ್ಟಿಕ್ ಇಲ್ಲ, ಬಟ್ಟೆಯ ಚೀಲವೇ. ದೂರದೂರಿನ ಮಾಲಿಲ್ಲ, ತುಂಗಭದ್ರೆಯ ದಂಡೆಯದೇ. ಯಾರು ಪರಿಸರಕ್ಕೆ ಎಷ್ಟು ಕಡಿಮೆ ತೊಂದರೆ ಕೊಟ್ಟರು ಎಂದು ಲೆಕ್ಕ ಹಾಕಿ ಆ್ಯಪೇ ಅಂಕದ ಬದಲು ಹಸಿರೆಲೆಗಳನ್ನು ಕೊಡುತ್ತಿತ್ತು. ಪ್ರತಿ ಭಾನುವಾರ ಸಂಜೆ, ಯಾರು ಏನು ಕೊಂಡರೆಂದು ಎಲ್ಲ ಸದಸ್ಯರ ಫೋನಿನಲ್ಲೂ ಗಟ್ಟಿಯಾಗಿ ಓದಿ ಹೇಳುತ್ತಿತ್ತು. (ಜನ ನಾಚಿಕೊಂಡಾದರೂ ಸುಧಾರಿಸಲಿ ಎಂಬುದು ಮೇಷ್ಟ್ರ ಘನ ಉದ್ದೇಶ. ಯಾರು ನಾಚಿಕೊಳ್ಳಬೇಕಾಗುತ್ತದೆ ಎಂಬುದನ್ನು ಅವರು ಆಗ ಯೋಚಿಸಿರಲಿಲ್ಲ.)

ಮಾಲು ಕೊಡಲು ಒಪ್ಪಿದವನು ರಾರಾವಿಯ ರೈತ ಎರ್ರಣ್ಣ. ಕುರುಗೋಡು ಸಂತೆಯಲ್ಲಿ ಪರಿಚಯವಾದವನು, ಸ್ವಂತ ಟೆಂಪೊ ಇದ್ದವನು. "ನೀವು ಹೂಂ ಅನ್ರಿ ಸಾರ್, ಸಿರುಗುಪ್ಪದ ಪ್ಯಾಟಿಗೆ ಹಾಕೋದು ಬಿಟ್ಟು ಎಲ್ಲಾ ನಿಮಗ ತರ್ತೀನಿ," ಎಂದ. ಪ್ರಾಣೇಶ ಎದೆಯುಬ್ಬಿಸಿ ಹೂಂ ಅಂದ.

ಮುಹೂರ್ತ ಇಟ್ಟವರು ತಾಯಿ ಸೀತಾಬಾಯಿ. ಆಷಾಢದಲ್ಲಿ ಏಕಾದಶಿಗಿಂತ ಒಳ್ಳೆಯ ದಿನವಿಲ್ಲ ಎಂದರು. ಮೊದಲ ಗ್ರಾಹಕರಾಗಿ ತಾಯಿಯ ಹೆಸರನ್ನೇ ಬರೆದು, ಅವರ ಕೈಯಿಂದಲೇ ಗುಂಡಿ ಒತ್ತಿಸಿದ್ದಾಯಿತು. ಸೀತಾಬಾಯಿಯವರು ಭಜನಾ ಮಂಡಳಿಯ ಹಿರಿಯರು. ಅವರ ಒಂದು ಮಾತಿಗೆ ಸತ್ಯನಾರಾಯಣಪೇಟೆಯ ಓಣಿಯ ಹೆಂಗಸರೆಲ್ಲ ಸದಸ್ಯರಾದರು.

"ಅಲ್ರೀ," ಎಂದಳು ಶ್ರೀವಲ್ಲಿ, "ನಾಳಿಂದ ಚಾತುರ್ಮಾಸ್ಯ. ಒಂದು ತಿಂಗಳು ಶಾಕವ್ರತ. ಓಣಿಯಾಗ ಒಬ್ರೂ ಕಾಯಿಪಲ್ಯ ಮುಟ್ಟಂಗಿಲ್ಲ. ಯಾರಿಗೆ ಮಾರ್ತೀರಿ?"

ಪ್ರಾಣೇಶನಿಗೆ ಇದು ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಪ್ರತಿ ಆಷಾಢದಲ್ಲೂ ಹೆಸರುಬೇಳೆ ತೊವ್ವೆ, ಮೆಣಸಿನ ಸಾರು ಉಂಡೇ ಬೆಳೆದವನು. ಆದರೆ ಅದನ್ನು ಅವನು ಊಟದ ವಿಷಯವೆಂದುಕೊಂಡಿದ್ದನೇ ಹೊರತು ವ್ಯಾಪಾರದ ವಿಷಯವೆಂದು ತಿಳಿದಿರಲಿಲ್ಲ. ಆದರೂ ಹೆಂಡತಿಯ ಮುಂದೆ ತಪ್ಪೊಪ್ಪಿಕೊಳ್ಳುವುದುಂಟೆ?

"ಅದೆಲ್ಲಾ ಲೆಕ್ಕ ಹಾಕೇ ಮಾಡೀನಿ, ನಿನಗ ತಿಳಿಯಂಗಿಲ್ಲ," ಎಂದ.

ಮರುದಿನ ಒಂದೂ ಆರ್ಡರ್ ಬರಲಿಲ್ಲ. ಎರ್ರಣ್ಣನ ಫೋನು ಮಾತ್ರ ಬಂತು. "ಸಾರ್, ತೆಕ್ಕಲಕೋಟಿ ದಾಟೀನಿ. ಟೆಂಪೊದಾಗ ಮೂರು ಚೀಲ ಬದನಿಕಾಯಿ, ಉಳ್ಳಾಗಡ್ಡಿ ಐತಿ. ಎಲ್ಲಿಗೆ ತರ್ಲಿ?"

ಯಾರಿಗೂ ಬೇಡ ಎಂದು ಹೇಳಲು ಪ್ರಾಣೇಶನಿಗೆ ನಾಲಿಗೆ ಏಳಲಿಲ್ಲ. ನಂಬಿ ಬಂದ ಮನುಷ್ಯ. ಸರಿ, ಆ್ಯಪ್ ತೆರೆದು ತಾನೇ ಆರ್ಡರ್ ಮಾಡಿದ. ಅವನ ಫೋನಿನಲ್ಲಿದ್ದದ್ದು ಮುಹೂರ್ತದ ದಿನ ತೆರೆದ ತಾಯಿಯ ಖಾತೆ. ಅವಸರದಲ್ಲಿ ಅದರ ಕಡೆ ಗಮನವೇ ಹೋಗಲಿಲ್ಲ. ಮಾಲನ್ನು ಕಾಲೇಜಿನ ಕ್ಯಾಂಟೀನಿಗೆ ಇಳಿಸಿಕೊಂಡ. ಕ್ಯಾಂಟೀನಿನವನು ಸಂತೋಷದಿಂದ ಬದನೆಕಾಯಿ ಬಜ್ಜಿ, ಉಳ್ಳಾಗಡ್ಡಿ ಬಜ್ಜಿ ಕರಿದ. ಪರಿಸರದ ಹಿತಕ್ಕಾಗಿ ಪ್ರಾಣೇಶ ಅದನ್ನು ದಿನಾ ತಿಂದ. (ವ್ರತ ಮನೆಯ ಹೊಸಿಲಿನೊಳಗೆ ಮಾತ್ರ ಎಂಬುದು ಅವನ ಸ್ವಂತ ಶಾಸ್ತ್ರ.) ಸಂಜೆ ಮನೆಗೆ ಬಂದು ತೊವ್ವೆಯನ್ನ ಉಣ್ಣುವಾಗ ಹಸಿವೇ ಇರುತ್ತಿರಲಿಲ್ಲ.

"ವ್ರತ ಹಿಡಿದ್ರೆ ಹಿಂಗ ಹಿಡೀಬೇಕು. ಎಷ್ಟು ಸೊರಗ್ಯಾನ ನನ್ನ ಮಗ," ಎಂದು ಸೀತಾಬಾಯಿ ಮರುಗಿದರು. ಶ್ರೀವಲ್ಲಿ ಗಂಡನ ಹೊಟ್ಟೆಯ ಕಡೆ ನೋಡಿ ಇನ್ನೊಂದು ಸೌಟು ಸಾರು ಬಡಿಸಿದಳು.

ಭಾನುವಾರ ಬಂತು. ಸಂಜೆ ಭಜನೆ ಅವರ ಮನೆಯಲ್ಲೇ. ಪಡಸಾಲೆ ತುಂಬ ಹೆಂಗಸರು ತಾಳ ಹಿಡಿದು ಕೂತಿದ್ದಾರೆ. ಸೀತಾಬಾಯಿಯವರು ಶಾಕವ್ರತದ ಮಹಿಮೆ ಹೇಳುತ್ತಿದ್ದಾರೆ. ನಾಲಿಗೆಯನ್ನು ಗೆದ್ದವರೇ ಗೆದ್ದವರು ಎನ್ನುವಲ್ಲಿಗೆ ಸರಿಯಾಗಿ ಎಲ್ಲರ ಮಡಿಲಿನ ಫೋನುಗಳೂ ಒಟ್ಟಿಗೆ ಬಾಯಿಬಿಟ್ಟವು.

"ನಮಸ್ಕಾರ. ಈ ವಾರ ನಿಮ್ಮ ಓಣಿಯಲ್ಲಿ ತರಕಾರಿ ಕೊಂಡವರು ಒಬ್ಬರೇ. ಸೀತಾಬಾಯಿ. ಬದನೆಕಾಯಿ ಒಂದು ಚೀಲ. ಈರುಳ್ಳಿ ಒಂದು ಚೀಲ. ಮತ್ತೆ ಈರುಳ್ಳಿ ಒಂದು ಚೀಲ."

ಎಲ್ಲರ ಕಣ್ಣೂ ಸೀತಾಬಾಯಿಯವರ ಕಡೆ ಹೊರಳಿದವು. ಎದುರುಮನೆಯ ರುಕ್ಮಾಬಾಯಿಯವರು ಕನ್ನಡಕ ಸರಿಮಾಡಿಕೊಂಡು, "ಸೀತಕ್ಕಾ, ಉಳ್ಳಾಗಡ್ಡಿ ಎರಡು ಚೀಲ?" ಎಂದರು ಮೆಲ್ಲಗೆ. ಸೀತಾಬಾಯಿಯವರ ಮುಖ ಬಿಳಿಚಿತು. ಈರುಳ್ಳಿ ಇರಲಿ, ಅದರ ಹೆಸರನ್ನೂ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಜನ್ಮವಿಡೀ ಕಾಪಾಡಿಕೊಂಡ ಮರ್ಯಾದೆ ಮಗನ ಯಂತ್ರದ ಬಾಯಿಂದ ಹೋಗುವುದನ್ನು ನೋಡಿ ಅವರಿಗೆ ಅಳು ಬಂತು.

ಅಷ್ಟು ಸಾಲದೆಂಬಂತೆ ಬಾಗಿಲಲ್ಲಿ ಎರ್ರಣ್ಣ ಬುಟ್ಟಿ ಹೊತ್ತು ನಿಂತಿದ್ದ. "ಇಲ್ಲಿ ಸೀತಾಬಾಯಿ ಅಮ್ಮಾರು ಯಾರ್ರಿ? ನಮ್ಮ ಬದನಿಕಾಯಿ ಅಂದ್ರ ಭಾಳ ಇಷ್ಟ ಅಂತ ಕಾಣ್ತದ. ಇದು ನನ್ನ ಕಡಿಂದ, ದುಡ್ಡು ಬ್ಯಾಡ್ರಿ," ಎಂದು ಬುಟ್ಟಿಯನ್ನು ದೇವರ ಮುಂದೆಯೇ ಇಳಿಸಿದ.

ತಾಯಿಯ ಕಣ್ಣೀರು ಕಂಡ ಮೇಲೆ ಪ್ರಾಣೇಶನಿಗೆ ತಡೆಯಲಾಗಲಿಲ್ಲ. ಹೆಂಗಸರ ನಡುವೆ ನಿಂತು ಆರ್ಡರಿನಿಂದ ಹಿಡಿದು ಬಜ್ಜಿಯವರೆಗೆ ಎಲ್ಲ ಒದರಿಬಿಟ್ಟ. ಆಮೇಲೆ ರುಕ್ಮಾಬಾಯಿಯವರು ಮೊದಲು ನಕ್ಕರು, ನಂತರ ಇಡೀ ಪಡಸಾಲೆ ನಕ್ಕಿತು. ಸೀತಾಬಾಯಿಯವರು ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು.

"ಲೇ ಪ್ರಾಣ್ಯಾ, ನನ್ನ ಹೆಸರು ತೆಗೆದು ನಿನ್ನ ಹೆಸರು ಹಾಕ್ಕೊ. ಇನ್ನ ಮ್ಯಾಲೆ ಕಾಲೇಜಿಗೂ ನಿನಗ ಮನಿ ಡಬ್ಬಿನೇ. ಮುರಿದ ಒಂದು ವಾರದ ವ್ರತವನ್ನ ಎಲ್ಲಾರದು ಮುಗಿದ ಮ್ಯಾಲೆ ನೀನೊಬ್ಬನೇ ಹಿಡಿದು ತೀರಿಸಬೇಕು."

"ಡಬ್ಬಿ ನಾನೇ ಕಟ್ತೀನಿ ಅತ್ತಿ," ಎಂದಳು ಶ್ರೀವಲ್ಲಿ, ಅತ್ಯಂತ ಪ್ರೀತಿಯಿಂದ.

ವ್ರತ ಮುಗಿದ ದಿನ ಓಣಿಗೆ ಓಣಿಯೇ ಆ್ಯಪಿನ ಮೇಲೆ ಬಿತ್ತು. ತಿಂಗಳಿಡೀ ಬಾಯಿ ಕಟ್ಟಿದ್ದವರು ಬೆಂಡೆ, ಹೀರೆ, ಸೊಪ್ಪು ಎಂದು ಎರ್ರಣ್ಣನ ಟೆಂಪೊವನ್ನು ಬರಿದು ಮಾಡಿದರು. ಮೊದಲ ಆರ್ಡರ್ ಸೀತಾಬಾಯಿಯವರದು, ಶ್ರೀವಲ್ಲಿಯ ಫೋನಿನಿಂದ. ಪ್ರಾಣೇಶನ ಕನಸು ನನಸಾಯಿತು, ತಟ್ಟೆಯಲ್ಲಿ ಮಾತ್ರ ಮೆಣಸಿನ ಸಾರು ಹಾಗೇ ಉಳಿಯಿತು.

ಆ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಮತ್ತೆ ಬಾಯಿಬಿಟ್ಟಿತು.

"ಅಭಿನಂದನೆಗಳು. ಈ ವಾರ ಏನನ್ನೂ ಕೊಳ್ಳದೆ ಪರಿಸರಕ್ಕೆ ಕೊಂಚವೂ ತೊಂದರೆ ಕೊಡದ ಏಕೈಕ ಸದಸ್ಯರು ಶ್ರೀ ಪ್ರಾಣೇಶ. ಪ್ರಥಮ ಬಹುಮಾನ, ಒಂದು ಬುಟ್ಟಿ ತಾಜಾ ತರಕಾರಿ."

ಬಹುಮಾನ ಗೊತ್ತುಮಾಡಿದವನೂ ಅವನೇ. ಎರ್ರಣ್ಣ ಆಗಲೇ ಬುಟ್ಟಿಯೊಂದಿಗೆ ಬಾಗಿಲಲ್ಲಿದ್ದ. ಸೀತಾಬಾಯಿಯವರು ಎಳೆ ಬದನೆಕಾಯಿಗಳನ್ನು ಮುಟ್ಟಿ ನೋಡಿ, "ಶ್ರೀವಲ್ಲಿ, ನಾಳೆ ಎಣ್ಣಿಗಾಯಿ ಮಾಡು, ರುಕ್ಮಾಬಾಯಿಗೂ ಊಟಕ್ಕ ಹೇಳು," ಎಂದರು.

"ಮತ್ತ ಇವರಿಗೆ?"

"ಅವಂದು ಇನ್ನೂ ಒಂದು ದಿನ ಬಾಕಿ ಅದ. ಅವನಿಗೆ ಸಾರು ಬಡಿಸು."